ಮೂಳೆಗೂ ಒಂದು ಪಾಲು

ಮೂಳೆ ಡಾಕ್ಟರ ಕೋಣೆಯ ಹೊರಗೆ, ಕೈಯ ಪಟ್ಟಿ ಬಿಚ್ಚಿಸಿಕೊಳ್ಳಲು ಬಂದ ಹುಡುಗಿ ಯಾರ ಮುಖವನ್ನೂ ನೋಡದೆ ಕೂತಿದ್ದಳು. ಪಕ್ಕದಲ್ಲಿ ಅವಳಿಗೆ ಪರಿಚಯವಿಲ್ಲದ ಅತ್ತೆ-ಸೊಸೆ; ಅತ್ತೆ ಗಾಲಿಕುರ್ಚಿಯಲ್ಲಿ. ಮುರಿದ ತೊಡೆಮೂಳೆಯೊಳಗೆ ಟೈಟೇನಿಯಂ ಸರಳು ಕೂರಿಸಿಕೊಂಡಿದ್ದ ಅತ್ತೆ ಇವತ್ತು ಕಾಲೂರಿ ನಡೆದು ತೋರಿಸಬೇಕಿತ್ತು.

"ಸರಳು ಬಾಗುತ್ತಂತಲ್ಲೇ! ಅದನ್ನ ನಂಬಿ ಹೆಂಗೆ ಕಾಲೂರ್ಲಿ?"

"ಕೂದಲೆಳೆಯಷ್ಟು ಬಾಗುತ್ತೆ ಅತ್ತೆ, ಮತ್ತೆ ನೆಟ್ಟಗಾಗುತ್ತೆ. ಅದೇ ಅದರ ಒಳ್ಳೇ ಗುಣ ಅಂದ್ರು ಡಾಕ್ಟ್ರು."

"ಸ್ಟೀಲ್ ಹಾಕ್ಬೇಕಿತ್ತು."

"ಸ್ಟೀಲು ಬಹಳ ಬಿಗಿಯಂತೆ. ಭಾರ ಎಲ್ಲಾ ತಾನೇ ಹೊತ್ಕೊಳ್ಳುತ್ತೆ, ಮೂಳೆ ಕೆಲಸ ಇಲ್ದೆ ಸೊರಗುತ್ತೆ. ಇದು ಮೂಳೆ ಜೊತೆ ಚೂರು ಬಾಗಿ, ಅದಕ್ಕೂ ಪಾಲು ಕೊಡುತ್ತೆ."

ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಂಗಾದ್ರೆ ನೀನು ಸ್ಟೀಲು."

"ಅಯ್ಯೋ, ನಾನೇನ್ ಮಾಡ್ದೆ?"

"ಆಪರೇಷನ್ ಆದಾಗಿಂದ ಒಂದು ಲೋಟ ಎತ್ತೋಕೆ ಬಿಟ್ಟಿದ್ದೀಯಾ? ನೀರು ಕೇಳಿದ್ರೆ ಕುಡಿಸೋಕೇ ಬರ್ತೀಯ!"

"ನೀವು ಬಿದ್ರೆ ನಿಮ್ಮ ಮಗ ಸುಮ್ನೆ ಬಿಡ್ತಾರಾ?"

"ಅವನು ತುಕ್ಕು ಹಿಡಿದ ಕಬ್ಬಿಣ. ಸೋಫಾ ಬಿಟ್ಟು ಏಳಲ್ಲ!"

ಇಬ್ಬರೂ ನಕ್ಕ ನಗುವಿಗೆ ಗಾಲಿಕುರ್ಚಿಯೇ ಕುಲುಕಿತು. ಹುಡುಗಿ ತುಟಿ ಕಚ್ಚಿಕೊಂಡಳು.

ಒಳಗಿಂದ ಕರೆ ಬಂತು. ಅತ್ತೆಯ ನಗು ಗಕ್ಕನೆ ನಿಂತಿತು. ಸೊಸೆ ಕಂಕುಳಿಗೆ ಕೈಹಾಕಿ ಎತ್ತಲು ಬಗ್ಗಿದಳು.

"ಬೇಡ. ಎರಡು ಬೆರಳು ಕೊಡು ಸಾಕು. ಟೈಟೇನಿಯಂ ಥರ ಹಿಡ್ಕೋ."

ಎದ್ದರು. ಕಾಲೂರಿದರು. ಒಂದು ಹೆಜ್ಜೆ, ಇನ್ನೊಂದು.

"ಅತ್ತೆ, ಬಾಗ್ತಾ ಇದ್ದೀರಿ!"

"ಬಾಗ್ತೀನಿ, ಮತ್ತೆ ನೆಟ್ಟಗಾಗ್ತೀನಿ. ನಡಿಯೇ!"

ಬಾಗಿಲು ಮುಚ್ಚಿತು. ಖಾಲಿ ಗಾಲಿಕುರ್ಚಿಯ ಪಕ್ಕ ಕೂತ ಹುಡುಗಿಗೆ ಅದುವರೆಗೆ ತಡೆದಿದ್ದ ನಗು ಕಿಸಕ್ಕೆಂದು ಹೊರಬಂತು.