ಫ್ಯಾನಿನ ಮುಖ ಯಾವ ಕಡೆಗೆ?

ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ಇಬ್ಬರು ವೆಲ್ಡರ್‌ಗಳು ನಿಂತಿದ್ದರು. ಅಂಗಿಯ ತೋಳಿನ ತುಂಬ ಕಿಡಿ ಸುಟ್ಟ ತೂತುಗಳು. ಹಿರಿಯವನು ಬಿಡದೆ ಕೆಮ್ಮುತ್ತಿದ್ದ.

"ಭಾವ, ಅಕ್ಕ ಬೈಯ್ತಿದ್ಲು. ನಿಮ್ಮ ಸಿಗರೇಟು ಬಿಡಿಸೋ ಕೆಲಸ ನನಗೆ ಹಚ್ಚಿದ್ದಾಳೆ."

"ಬಿಟ್ಟು ಯಾವ ಕಾಲ ಆಯ್ತೋ. ಅವಳು ನಂಬಲ್ಲ."

"ಮತ್ತೆ ಈ ಕೆಮ್ಮು?"

"ವೆಲ್ಡಿಂಗ್ ಮಾಡುವಾಗ ಫ್ಯಾನ್ ಇಟ್ಕೋತೀಯಲ್ಲ, ಅದರ ಮುಖ ಯಾವ ಕಡೆಗಿರುತ್ತೆ?"

ಕಿರಿಯವನು ಅಂಗೈ ತಿರುಗಿಸಿ ದಿಕ್ಕು ನೋಡಿಕೊಂಡ.

"ನಿಮ್ಮ ಕಡೆಗೆ."

"ಹೊಗೆ ಎಳೆಯೋ ಪೈಪ್ ಏನಾಯ್ತು?"

"ಕೈಗೆ ಅಡ್ಡ ಬರುತ್ತೆ ಅಂತ ಮೇಲಕ್ಕೆ ಎತ್ತಿ ಕಟ್ಟಿದ್ದೀನಿ."

"ಅದು ಬೆಸುಗೆ ಪಕ್ಕದಲ್ಲೇ ಇದ್ರೆ ಹೊಗೇನ ಅಲ್ಲೇ ಹೀರಿ ಹೊರಗೆ ಹಾಕುತ್ತೆ. ಫ್ಯಾನು ಪಕ್ಕದವನ ಮೂಗಿಗೆ ದಾಟಿಸುತ್ತೆ, ಅಷ್ಟೇ."

"ಮೊದಲೇ ಬಾಯಿ ಬಿಡಬಾರದಿತ್ತಾ?"

"ಹೆಂಡತಿ ತಮ್ಮನ ಮೇಲೆ ದೂರು ಹೇಳಿ ಮನೇಲಿ ನೆಮ್ಮದಿಯಾಗಿ ಊಟ ಮಾಡೋಕಾಗುತ್ತೇನೋ?"

ಬಸ್ ಬಂತು.

"ಈಗ ಅಕ್ಕನಿಗೆ ಏನಂತ ಹೇಳ್ಲಿ?"

ಹಿರಿಯವನು ಮೆಟ್ಟಿಲು ಹತ್ತುತ್ತಲೇ ತಿರುಗಿ ಹೇಳಿದ.

"ಸಿಗರೇಟು ಬಿಡಿಸಿದೆ ಅಂತ ಹೇಳು. ನಾಳೆ ಆ ಪೈಪ್ ಕೆಳಗಿಳಿಸು. ಕೆಮ್ಮು ನಿಂತ ಮೇಲೆ ಅವಳೂ ನಂಬ್ತಾಳೆ."