ಸವೆದ ಕೀಯ ನಕಲು

ಗಂಡನ ವೀರ್ಯಪರೀಕ್ಷೆಯ ರಿಪೋರ್ಟಿಗಾಗಿ ಮಕ್ಕಳಾಗದವರ ಆಸ್ಪತ್ರೆಗೆ ಒಬ್ಬಳೇ ಬಂದು ಕೂತಿದ್ದ ದರ್ಜಿ ಹೆಂಗಸಿಗೆ ಹಿಂದಿನ ಸಾಲಿನ ಮಾತು ಕೇಳಿಸಿಕೊಳ್ಳಬಾರದು ಅನ್ನಿಸಿತು. ಆದರೆ ಹಾಳು ಕಿವಿ ಅತ್ತಲೇ ನೆಟ್ಟಿತ್ತು. ಅಲ್ಲಿ ಬೀಗ ರಿಪೇರಿಯವನೂ ಅವನ ಹೆಂಡತಿಯೂ ಪಿಸುಗುಡುತ್ತಿದ್ದರು.

“ಅಪ್ಪನಿಂದ ಮಗನಿಗೆ ಮಾತ್ರ ಹೋಗೋ ವಂಶವಾಹೀಲೇ ನಂಗೆ ಒಂದು ತುಂಡು ಇಲ್ವಂತೆ ಕಣೇ. ಅದಕ್ಕೇ ವೀರ್ಯದಲ್ಲಿ ಕಣಗಳು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ.”

“ಸಿಕ್ಕ ನಾಲ್ಕರಲ್ಲೇ ಒಂದು ಭ್ರೂಣ ಆಯ್ತಲ್ಲ. ಇವತ್ತು ನನ್ನ ಹೊಟ್ಟೇಲಿ ಇಡ್ತಾರೆ, ಸುಮ್ನಿರಿ.”

“ಹೆಣ್ಣಾದ್ರೆ ಚಿಂತೆಯಿಲ್ಲ. ಗಂಡಾದ್ರೆ ಅವನಿಗೂ ಇದೇ ಕೊರತೆ ಅಂದ್ರಲ್ಲ ಡಾಕ್ಟ್ರು.”

“ಬೇರೆ ಎಲ್ಲಾ ಚೆನ್ನಾಗಿರ್ತಾನೆ ಅಂತಾನೂ ಅಂದ್ರು.”

“ಸವೆದ ಕೀ ತಂದ್ರೆ ನಾನು ಡೂಪ್ಲಿಕೇಟ್ ಮಾಡಿಕೊಡಲ್ಲ, ಬೀಗಾನೇ ಬಿಚ್ಕೊಂಡು ತನ್ನಿ ಅಂತೀನಿ. ಸವೆತ ನಕಲಿಗೂ ಬರುತ್ತೆ. ಗೊತ್ತಿದ್ದೂ ಮಾಡಿಕೊಟ್ರೆ ಅದು ಮೋಸ.”

“ಮಗು ಕೀ ಅಲ್ಲ ರೀ.”

“ಮೂವತ್ತು ವರ್ಷ ಬಿಟ್ಟು ಅವನು ಇಂಥದ್ದೇ ಕುರ್ಚೀಲಿ ಕೂತು, ‘ಅಪ್ಪಾ, ನಿಂಗೆ ಮೊದ್ಲೇ ಗೊತ್ತಿತ್ತಾ?’ ಅಂದ್ರೆ ಏನು ಹೇಳ್ಲಿ?”

ಅಷ್ಟರಲ್ಲಿ ನರ್ಸ್ ಬಂದು ಕರೆದಳು. ಹೆಂಡತಿ ಚೀಲವನ್ನು ಹೆಗಲಿಗೇರಿಸಿಕೊಂಡಳು.

“ಏಳಿ. ಉತ್ತರ ಹುಡುಕ್ಕೊಳ್ಳೋಕೆ ಮೂವತ್ತು ವರ್ಷ ಇದೆ.”

“ನಿಂಗೆ ಹೆದರಿಕೆ ಆಗ್ತಿಲ್ವಾ?”

“ಜೀವ ಬಾಯಿಗೆ ಬಂದಿದೆ. ಇನ್ನೊಂದು ನಿಮಿಷ ಕೂತ್ರೆ ಎದ್ದು ಮನೆಗೆ ಓಡ್ತೀನಿ. ಅದಕ್ಕೇ ಏಳಿ ಅಂತಿರೋದು.”

ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಕೌಂಟರಿನವನು ಲಕೋಟೆ ಹಿಡಿದು ದರ್ಜಿಯ ಗಂಡನ ಹೆಸರನ್ನು ಎರಡು ಸಲ ಕೂಗಿದ. ಅವಳು ಏಳದೆ, ಆ ಮುಚ್ಚಿದ ಬಾಗಿಲ ಕಡೆಗೇ ತಿರುಗಿ ಕೂತಳು.