ಎಲ್ಲಿ ಹೊಡೀತು?

ಮೊದಲೇ ಹೇಳಿಬಿಡ್ತೀನಿ, ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ. ನಮ್ಮ ಭಾವನಿಗೇ ಆಗಿದ್ದು. ನಂಬದವರು ಈಗಲೇ ಎದ್ದು ಮನೆಗೆ ಹೋಗಬಹುದು... ಆದ್ರೆ ಒಬ್ಬೊಬ್ಬರೇ ಹೋಗಬೇಕು. ಏನು, ಯಾರೂ ಏಳ್ತಿಲ್ಲ? ಹಾಗಾದ್ರೆ ಬಾಯಿ ಮುಚ್ಕೊಂಡು ಕೇಳಿ.

ಭಾವ ಮೆಕ್ಯಾನಿಕ್ಕು. ಎಲ್ರೂ ಅವರನ್ನ ಕಿವಿ ಅಂತಲೇ ಕರೀತಿದ್ರು. ಗಾಡಿ ದೂರದಲ್ಲಿ ಬರ್ತಿದ್ದ ಹಾಗೇ ಯಾವ ನಟ್ಟು ಸಡಿಲ ಅಂತ ಹೇಳ್ತಿದ್ರು. ಅವರ ಅನ್ನಕ್ಕೆ ದಾರಿ ಆ ಕಿವಿಗಳೇ. ನಮ್ಮಕ್ಕ ಮಾತ್ರ, ನಾನು ಕೂಗೋದೊಂದು ಬಿಟ್ಟು ಈ ಮನುಷ್ಯನಿಗೆ ಎಲ್ಲಾ ಕೇಳುತ್ತೆ ಅಂತ ರೇಗ್ತಿದ್ಲು.

ಆ ರಾತ್ರಿ ಗ್ಯಾರೇಜು ಮುಚ್ಚಿ ನಡ್ಕೊಂಡು ಬರ್ತಿದ್ರು. ದಾರೀಲಿ ಒಂದು ಪಾಳು ಬಾವಿ, ಸುತ್ತ ಕಲ್ಲಿನ ಕಟ್ಟೆ. ಅದರ ಹತ್ರ ಬರ್ತಿದ್ದ ಹಾಗೆ... ಢಂ. ಆಮೇಲೆ ಎಲ್ಲಾ ನಿಶ್ಶಬ್ದ. ಬರೀ ಟಿಕ್... ಟಿಕ್... ಬಿಸಿ ಕಬ್ಬಿಣ ಆರೋ ಸದ್ದು.

ಬಾವಿ ಕಟ್ಟೆಗೆ ಬೆನ್ನು ಹಾಕಿ ಒಂದು ಹಳೇ ಪಿಕಪ್ ನಿಂತಿತ್ತು. ಸಾಮಿಲ್ಲಿನದು. ಆ ಮಿಲ್ಲು ನಡೆಸ್ತಿದ್ದೋರು ಅಣ್ಣ ತಮ್ಮ ಇಬ್ರು. ಅಣ್ಣನದ್ದು ಗರಗಸಕ್ಕೆ ಒಂದು ಬೆರಳು ಕೊಟ್ಟ ಕೈ. ಅದಕ್ಕೆ ಒಂದು ತಿಂಗಳ ಮುಂಚೆ ಅಣ್ಣ ಸತ್ತಿದ್ದ. ಮರದ ದಿಮ್ಮಿ ಉರುಳಿ ಮೇಲೆ ಬಿತ್ತು ಅಂತ ತಮ್ಮನೇ ಎಲ್ರಿಗೂ ಹೇಳಿದ್ದ. ಅಣ್ಣನ ಪಿಕಪ್ಪನ್ನ ಈಗ ತಮ್ಮ ಓಡಿಸ್ತಿದ್ದ. ಅವನು ಸ್ಟೀರಿಂಗ್ ಹಿಡಿದ ದಿನದಿಂದ ಅದು ಹೊಡೆಯೋಕೆ ಶುರುಮಾಡಿತ್ತು. ಹೊಡೆಯೋದು ಅಂದ್ರೆ ಮೆಕ್ಯಾನಿಕ್ಕುಗಳ ಮಾತಲ್ಲಿ ಇಂಜಿನ್ ಢಂ ಅಂತ ಸಿಡಿಯೋದು, ಬ್ಯಾಕ್‌ಫೈರು. ಬೇರೆ ಗ್ಯಾರೇಜಿನೋರು ಪ್ಲಗ್ ಬದಲಾಯಿಸಿದ್ರು, ಕಾರ್ಬೊರೇಟರ್ ಬಿಚ್ಚಿ ತೊಳೆದ್ರು, ಟೈಮಿಂಗ್ ಕೂರಿಸಿದ್ರು. ಜಗ್ಗಲಿಲ್ಲ. ಸಿಟ್ಟಿಗೆ ಅವನು ಬಾಗಿಲಿಗೆ ಒದ್ದು ಒದ್ದು ತಗ್ಗು ಬೀಳಿಸಿದ್ದ.

ಗಾಡಿ ಪಕ್ಕ ನಿಂತಿದ್ದ ತಮ್ಮ ಭಾವನ್ನ ನೋಡಿ, ಈಗಲೇ ಸರಿ ಮಾಡು, ಇದರ ಸದ್ದಿಗೆ ಬೀದಿಯೆಲ್ಲಾ ನನ್ನ ಮುಖ ನೋಡುತ್ತೆ ಅಂದ. ಭಾವನಿಗೆ ಹಸಿವು. ಆದ್ರೂ ಕೆಟ್ಟ ಗಾಡಿ ಬಿಟ್ಟು ಬರೋ ಜಾತಿ ಅಲ್ಲ ಅವರದ್ದು.

ಹೊಡೆಯೋ ಗಾಡೀಲಿ ಮೊದಲು ತಿಳೀಬೇಕಾದ್ದು ಒಂದೇ. ಮುಂದೆ ಕಾರ್ಬೊರೇಟರ್ ಬಾಯಲ್ಲಿ ಹೊಡೀತಾ, ಹಿಂದೆ ಸೈಲೆನ್ಸರಲ್ಲಿ ಹೊಡೀತಾ. ಮುಂದೆ ಅಂದ್ರೆ ಪೆಟ್ರೋಲು ಸಾಲ್ತಿಲ್ಲ, ಇಲ್ಲಾ ವಾಲ್ವು ಕಚ್ಕೊಂಡಿದೆ. ಹಿಂದೆ ಅಂದ್ರೆ ಒಳಗೆ ಸುಡದ ಪೆಟ್ರೋಲು ಪೈಪಿಗೆ ಹೋಗಿ ಸುಡ್ತಿದೆ. ಅದಕ್ಕೇ ಗ್ಯಾರೇಜಲ್ಲಿ ಒಬ್ಬ ಬಾನೆಟ್ ಹತ್ರ ನಿಲ್ತಾನೆ, ಒಬ್ಬ ಹಿಂದೆ ಕೂರ್ತಾನೆ. ಹೊಡೆದ ತಕ್ಷಣ ಹಿಂದಿನವನು ಎಲ್ಲಿ ಹೊಡೀತು ಅಂತ ಕೂಗಿ ಕೇಳ್ತಾನೆ. ಭಾವನಿಗೆ ಅದು ಬಾಯಿಗೆ ರೂಢಿಯಾದ ಮಾತು, ಮುಂದೆ ಜನ ಇರಲಿ ಬಿಡಲಿ.

ಅವರು ಸೈಲೆನ್ಸರ್ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಕ್ಸಲೇಟರ್ ಒತ್ತು ಅಂದ್ರು. ತಮ್ಮ ಒಳಗೆ ಕೂತು ಒತ್ತಿದ. ಗುರ್ರ್... ಗುರ್ರ್... ಢಂ. ಇಂಜಿನ್ ಸತ್ತಿತು.

"ಎಲ್ಲಿ ಹೊಡೀತು? ಮುಂದೋ, ಹಿಂದೋ?"

ಬಾನೆಟ್ ಕಡೆಯಿಂದ ಉತ್ತರ ಬಂತು. ಪಿಸುದನಿ.

"ಹಿಂದೆ."

"ಹಿಂದೆ ಅಂದ್ರೆ ಎಲ್ಲಿ?"

"ತಲೆಗೆ."

ನಮ್ಮ ಭಾವ ನೋಡಿ... ತಲೆ ಅಂದ್ರೆ ಇಂಜಿನ್ ಹೆಡ್ಡು ಅಂದ್ಕೊಂಡ್ರು! ಯಾರೋ ಅರ್ಧಂಬರ್ಧ ಕಲಿತವನು ಹೆಡ್ ಬಿಚ್ಚಿ ಹಾಳುಮಾಡಿದಾನೆ ಅಂತ ಕೋಪ ಬೇರೆ ಬಂತು.

"ನನಗಿಂತ ಮುಂಚೆ ಇದಕ್ಕೆ ಕೈ ಹಾಕಿದ್ದು ಯಾರು?"

"ತಮ್ಮ."

ಆಗ ಭಾವ ತಲೆ ಎತ್ತಿದ್ರು. ತಮ್ಮ ಇನ್ನೂ ಸ್ಟೀರಿಂಗ್ ಹಿಂದೇನೇ ಕೂತಿದ್ದ. ಅವನು ಬಾಯೇ ತೆರೆದಿರಲಿಲ್ಲ. ಬಾನೆಟ್ ಹತ್ರ... ಯಾರೂ ಇಲ್ಲ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ತಮ್ಮ ಕೀ ಕಿತ್ತು ಜೇಬಿಗೆ ಹಾಕ್ಕೊಂಡು ಇಳಿದ. ಕೈಯಲ್ಲಿ ವೀಲ್ ಸ್ಪ್ಯಾನರ್. ನೇರವಾಗಿ ಹಿಂದಕ್ಕೆ ಬಂದು, ಬಾವಿ ಕಟ್ಟೆಗೂ ಗಾಡಿಗೂ ನಡುವೆ ನಿಂತ.

"ಏನು ಕೇಳಿಸ್ತು ನಿನಗೆ?"

"ಏನಿಲ್ಲಪ್ಪ... ಟೈಮಿಂಗ್ ಅಷ್ಟೇ."

"ನಿನಗೆ ಎಲ್ಲಾ ಕೇಳುತ್ತೆ. ಅದಕ್ಕೇ ಅಲ್ವಾ ಆ ಹೆಸರು."

ಮೊದಲ ಏಟು ಹೆಗಲಿಗೆ. ಲಟ್ ಅಂತ ಮೂಳೆ ಮುರೀತು. ಭಾವ ಹೆಂಡತಿ ಮಕ್ಕಳ ಮೇಲೆ ಆಣೆ ಇಟ್ಟು, ಯಾರಿಗೂ ಹೇಳಲ್ಲ ಅಂತ ಬೇಡ್ಕೊಂಡ್ರು. ಎರಡನೇದು ಎಡಗಿವಿಗೆ. ಕಿವಿ ಹರಿದು ಕುತ್ತಿಗೆ ಮೇಲೆ ಬಿತ್ತು. ಅವರು ಮಂಡಿಯೂರಿದ್ರು. ಅವನು ಮತ್ತೆ ಸ್ಪ್ಯಾನರ್ ಎತ್ತಿದ. ಬಾಯಲ್ಲಿ ನೊರೆ. ಆ ಏಟು ಬಿದ್ದಿದ್ರೆ ನಮ್ಮಕ್ಕ ಅವತ್ತೇ ವಿಧವೆ.

ಅಷ್ಟರಲ್ಲಿ ಬೆನ್ನಿಗೆ ಯಾರೋ ದಬ್ಬಿದ ಹಾಗಾಯ್ತಂತೆ. ಜೋರಾಗಿ. ಭಾವ ಪಕ್ಕಕ್ಕೆ ಉರುಳಿ ಮುಖ ಅಡಿಯಾಗಿ ಬಿದ್ರು.

ಢಂ.

ಒಳಗೆ ಯಾರೂ ಇಲ್ಲ. ಪಿಕಪ್ ಹಿಂದಕ್ಕೆ ಹಾರಿತು. ತಮ್ಮನ್ನ ಕಲ್ಲಿಗೆ ಜಜ್ಜಿತು. ಕಟಕಟ ಅಂತ ಪಕ್ಕೆಲುಬು... ಒಣ ಸೌದೆ ಮುರಿದ ಹಾಗೆ. ಅವನ ಬಾಯಿಂದ ಕೂಗು ಬರಲಿಲ್ಲ, ರಕ್ತ ಬಂತು. ಗಾಡಿ ಒಂದು ಮಾರು ಮುಂದೆ ಹೋಯ್ತು. ಅವನು ಕೆಳಗೆ ಜಾರ್ತಿದ್ದ... ಢಂ. ಮತ್ತೆ. ಈ ಸಲ ತಲೆಗೆ. ಬುರುಡೆ ಒಡೆದ ಸದ್ದು ಹೇಗಿರುತ್ತೆ ಅಂತ ಭಾವನ್ನ ಮಾತ್ರ ಕೇಳಬೇಡಿ. ಇವತ್ತಿಗೂ ಊಟ ಬಿಟ್ಟು ಏಳ್ತಾರೆ.

ಬೆಳಗಾದ ಮೇಲೆ ಪೊಲೀಸರು ಬಂದ್ರು. ಕೀ ಹೆಣದ ಜೇಬಲ್ಲೇ ಇತ್ತು. ಬ್ರೇಕ್ ಬಿಟ್ಕೊಂಡು ಗಾಡಿ ಜಾರಿದೆ ಅಂತ ಬರ್ಕೊಂಡು ಹೋದ್ರು. ಜಾರಿದ ಗಾಡಿ ಒಂದು ಸಲ ಗುದ್ದುತ್ತೆ ಸ್ವಾಮಿ. ಮುಂದೆ ಹೋಗಿ, ಗುರಿ ನೋಡಿ, ಮತ್ತೆ ಗುದ್ದುತ್ತಾ?

ಭಾವ ಬದುಕಿದ್ರು. ಎಡಗಿವಿ ಹೋಯ್ತು. ಒಂದು ಕಿವೀಲೇ ಈಗಲೂ ಗಾಡಿ ನೋಡ್ತಾರೆ, ಆದ್ರೆ ಹೊಡೆಯೋ ಗಾಡಿ ಬಂದ್ರೆ ಬಾಗಿಲು ಎಳ್ಕೋತಾರೆ.

ಅಕ್ಕ ಆಸ್ಪತ್ರೇಲಿ ಇದ್ದಿದ್ದರಿಂದ ಅವರ ಅಂಗಿ ಒಗೆದಿದ್ದು ನಾನು. ಮುಂದಿನ ರಕ್ತ ಎರಡು ನೀರಿಗೆ ಬಿಡ್ತು. ಬೆನ್ನ ಮೇಲೆ ಕರೀ ಎಣ್ಣೆಯ ಅಂಗೈ ಗುರುತಿತ್ತು. ತಿಕ್ಕಿದೆ, ಕುದಿಸಿದೆ, ಹೋಗಲಿಲ್ಲ. ದೊಡ್ಡ ಕೈ. ತಮ್ಮನ ಕೈಯಲ್ಲಿ ಐದೂ ಬೆರಳಿತ್ತು, ಹೆಣ ಎತ್ತಿದವರನ್ನ ಕೇಳಿ. ಇದರಲ್ಲಿ ಇದ್ದಿದ್ದು ನಾಲ್ಕು. ನಾನೇ ಬಿಸಿಲಿಗೆ ಹಿಡಿದು ನೋಡಿದೀನಿ.